ನಾಯಿಯ ಪಯಣಕ್ಕೆ ನಾಲ್ಕು ಬೆಳೆ

ಶಿಡ್ಲಘಟ್ಟದಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ಗಂಟೆಯ ದಾರಿ. ಆದರೆ ಮನೆಯ ಪುಟ್ಟ ನಾಯಿಯನ್ನೂ ಜರ್ಮನಿಗೆ ಕರೆದೊಯ್ಯಬೇಕೆನ್ನುವವರಿಗೆ ಅದು ನಾಲ್ಕು ತಿಂಗಳ ದಾರಿ. ರೇಷ್ಮೆ ಹುಳು ನಾಲ್ಕು ಜ್ವರ ಕಳೆದು ಗೂಡು ಕಟ್ಟಲು ಹೆಚ್ಚೂಕಡಿಮೆ ಒಂದು ತಿಂಗಳು. ನಾಯಿಗೆ ಅಂಥ ನಾಲ್ಕು ಬೆಳೆಯ ತಾಳ್ಮೆ ಬೇಕು.

ಮೊದಲು ಚರ್ಮದಡಿ ಮೈಕ್ರೋಚಿಪ್, ಆಮೇಲೆ ಹುಚ್ಚುನಾಯಿ ರೋಗದ ಲಸಿಕೆ. ಈ ಕ್ರಮ ತಪ್ಪಿದರೆ ಲಸಿಕೆ ಲೆಕ್ಕಕ್ಕಿಲ್ಲ. ಕನಿಷ್ಠ 30 ದಿನ ಬಿಟ್ಟು ರಕ್ತ ತೆಗೆಸಿ, ಐರೋಪ್ಯ ಒಕ್ಕೂಟ ಒಪ್ಪಿದ ಪ್ರಯೋಗಾಲಯಕ್ಕೆ ಕಳಿಸಬೇಕು. ಫಲಿತಾಂಶ ಸರಿಯಿದ್ದರೂ ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯಲೇಬೇಕು. ಸೋಂಕು ತಗಲಿದ ನಾಯಿಯಲ್ಲಿ ರೋಗ ಹೊರಬೀಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುವುದರಿಂದ ಈ ಕಾವಲು. ಹೊರಡುವ ಮುನ್ನ ಬೆಂಗಳೂರಿನ ಪ್ರಾಣಿ ಕ್ವಾರಂಟೈನ್ ಕೇಂದ್ರದ ಪ್ರಮಾಣಪತ್ರ ಬೇಕು. ಚೀಲವೂ ಸೇರಿ 8 ಕಿಲೋ ಮೀರದಿದ್ದರೆ ಕೆಲವು ವಿಮಾನಗಳಲ್ಲಿ ಯಜಮಾನರ ಕಾಲಬುಡದಲ್ಲೇ ಜಾಗ.

ಕೆಲಸದ ಪತ್ರ ಕೈಸೇರಿದೊಡನೆ ಜನ ಹುಡುಕುವುದು ಟಿಕೆಟ್ಟನ್ನು. ಚಿಪ್ ನೆನಪಾಗುವುದು ಕೊನೆಗೆ. ಆಗ ಸಂಸಾರ ವಿಮಾನ ಹತ್ತುತ್ತದೆ, ನಾಯಿ ಅಜ್ಜಿಯ ಮನೆ ಬಾಗಿಲಲ್ಲಿ ದಾರಿ ನೋಡುತ್ತಾ ಕೂರುತ್ತದೆ. ಟಿಕೆಟ್ಟಿಗೆ ಮುನ್ನ ಪಶುವೈದ್ಯರನ್ನು ಕಾಣುವುದೇ ಜಾಣತನ.