ಸದ್ಭಾವನೆಯ ಗುರಾಣಿ ಯಾರಿಗೆ?

ಅಮೆರಿಕೆಯಲ್ಲಿ ವಾಹನ ಚಾಲನಾ ಪರವಾನಗಿಗೆ ಅರ್ಜಿ ಹಾಕುವ ಕನ್ನಡಿಗರಿಗೆ ಒಂದು ಪ್ರಶ್ನೆ ಎದುರಾಗುತ್ತದೆ: ಅಂಗದಾನಕ್ಕೆ ಒಪ್ಪಿಗೆಯಿದೆಯೇ? ಅನೇಕರು ಸಂತೋಷದಿಂದಲೇ ಒಪ್ಪುತ್ತಾರೆ. ಆ ಒಪ್ಪಿಗೆಯ ಹಿಂದಿರುವ ಕಾನೂನು ಯಾರನ್ನು ಕಾಯುತ್ತದೆಂದು ಕೇಳುವವರು ವಿರಳ.

1968ರಲ್ಲಿ ರೂಪುಗೊಂಡು 2006ರಲ್ಲಿ ಪರಿಷ್ಕೃತವಾದ ಏಕರೂಪ ದೇಹದಾನ ಕಾಯ್ದೆಯ ಪ್ರಕಾರ, ಸದ್ಭಾವನೆಯಿಂದ ಕಾಯ್ದೆಯಂತೆ ನಡೆಯಲು ಯತ್ನಿಸಿದವರ ಮೇಲೆ ಸಿವಿಲ್ ದಾವೆಯಾಗಲಿ, ಕ್ರಿಮಿನಲ್ ಮೊಕದ್ದಮೆಯಾಗಲಿ ನಿಲ್ಲದು. ಭಾರತದ 1994ರ ಕಾಯ್ದೆಯಲ್ಲಿಯೂ ಇಂಥದೇ ರಕ್ಷಣೆಯಿದೆ. ಇದು ನ್ಯಾಯವೇ. ಹೃದಯವೊಂದನ್ನು ಕೆಲವೇ ಗಂಟೆಗಳಲ್ಲಿ ಕಸಿಮಾಡಬೇಕಾದ ವೈದ್ಯರ ತಲೆಯ ಮೇಲೆ ಮೊಕದ್ದಮೆಯ ತೂಗುಗತ್ತಿಯಿದ್ದರೆ ದಾನವೇ ನಿಂತುಹೋದೀತು.

ಆದರೆ ಮೂಳೆ, ಚರ್ಮಗಳ ಕಥೆ ಬೇರೆ. ಅವನ್ನು ಸಂಸ್ಕರಿಸಿ, ದಾಸ್ತಾನು ಮಾಡಿ, ಬೆಲೆ ಕಟ್ಟುವ ಉದ್ಯಮವೇ ಬೆಳೆದಿದೆ. 1984ರ ಕಾನೂನು ಮಾರಾಟವನ್ನು ನಿಷೇಧಿಸಿದರೂ ಸಂಸ್ಕರಣೆ, ಸಾಗಣೆಗಳಿಗೆ ‘ಸಮಂಜಸ’ ಶುಲ್ಕವನ್ನು ಅನುಮತಿಸುತ್ತದೆ. ಇತ್ತ ಬಹುತೇಕ ರಾಜ್ಯಗಳ ಕಾನೂನು ಅಂಗಾಂಶ ಪೂರೈಕೆಯನ್ನು ಮಾರಾಟವೆನ್ನದೆ ‘ಸೇವೆ’ ಎನ್ನುತ್ತದೆ. ದೋಷಪೂರಿತ ಸರಕಿಗೆ ಮಾರಾಟಗಾರ ಹೊರಬೇಕಾದ ಹೊಣೆ ಇಲ್ಲಿ ಅನ್ವಯಿಸದು. ಹಣ ಎಣಿಸುವಾಗ ಉದ್ಯಮ, ಹೊಣೆ ಹೊರುವಾಗ ಸೇವೆ!

ಇದರ ಅಪಾಯ 2005ರಲ್ಲಿ ಬಯಲಾಯಿತು. ನ್ಯೂಜೆರ್ಸಿಯ ಬಯೋಮೆಡಿಕಲ್ ಟಿಶ್ಯೂ ಸರ್ವಿಸಸ್ ಎಂಬ ಕಂಪನಿ ಒಪ್ಪಿಗೆಪತ್ರಗಳನ್ನು ನಕಲಿ ಮಾಡಿ ಶವಗಳ ಮೂಳೆಗಳನ್ನು ಕದ್ದಿತ್ತು. 2004ರಲ್ಲಿ, 95ರ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ ಪತ್ರಕರ್ತ ಅಲಿಸ್ಟೇರ್ ಕುಕ್ ಕಾಗದದಲ್ಲಿ 85 ವರ್ಷದ ಹೃದ್ರೋಗಿಯಾಗಿದ್ದರು. ಕಂಪನಿಯ ಒಡೆಯ ಜೈಲಿಗೆ ಹೋದ. ಅವನಿಂದ ಅಂಗಾಂಶ ಪಡೆದ ಸಂಸ್ಕರಣಾ ಕಂಪನಿಗಳು ಮಾತ್ರ ತಾವೂ ಮೋಸಹೋದೆವೆಂದವು.

ಮೃತರ ಮನೆಗೊಂದು, ವೈದ್ಯರಿಗೊಂದು ದೂರವಾಣಿ ಕರೆ ಮಾಡಿದ್ದರೆ ಸುಳ್ಳು ಬಯಲಾಗುತ್ತಿತ್ತು. ಪರಿಶೀಲಿಸಲು ಸಮಯವೂ ಸಾಧನವೂ ಇದ್ದವರು ಕಾಗದವನ್ನಷ್ಟೇ ನಂಬುವುದು ಸದ್ಭಾವನೆಯಲ್ಲ, ಲಾಭದ ಜಾಣಕುರುಡು.

ಹೊಣೆ ಹೇರಿದರೆ ದಾನ ಕುಗ್ಗುತ್ತದೆಂಬ ವಾದವಿದೆ. ದಾನವನ್ನು ಕುಗ್ಗಿಸುವುದು ಹೊಣೆಯಲ್ಲ, ಅಪನಂಬಿಕೆ. ಆದ್ದರಿಂದ ರಕ್ಷಣೆ ದಾನಿಗೆ, ಕುಟುಂಬಕ್ಕೆ, ಹಾಸಿಗೆಯ ಪಕ್ಕದ ವೈದ್ಯರಿಗೆ, ದಾದಿಗೆ ಉಳಿಯಲಿ. ಶುಲ್ಕ ಪಡೆಯುವ ಕಂಪನಿ ಮಾತ್ರ ತನ್ನ ಸದ್ಭಾವನೆಯನ್ನು ತಾನೇ ರುಜುವಾತುಪಡಿಸಲಿ. ಬಿಟ್ಟಿಯಾಗಿ ಕೊಟ್ಟವರ ಔದಾರ್ಯ, ಬೆಲೆಕಟ್ಟಿ ಕೊಡುವವರ ಗುರಾಣಿಯಾಗಬಾರದು.