ವಿದೇಶೀ ಕಾರೂ ಬೀಗರ ಮರ್ಯಾದೆಯೂ

ಕಳೆದ ಸಂಚಿಕೆಯಲ್ಲಿ ನಮ್ಮ ವೃತ್ತಿಬಾಂಧವರೊಬ್ಬರು ವಿದೇಶೀ ಕಾರುಗಳ ಮೇಲೆ ಕೆಂಡ ಕಾರಿದ್ದಾರೆ. ಪರದೇಶದ ಹೆಸರು ಹೊತ್ತ ಕಾರನ್ನು ಕೊಳ್ಳುವವನು ದೇಶದ್ರೋಹಿಯೆಂದೂ ಕನ್ನಡ ಶಾಲೆಯ ಶಿಕ್ಷಕನಾದವನು ಅಂಥ ಕಾರಿನಲ್ಲಿ ಕಾಲಿಡಲೂಬಾರದೆಂದೂ ಅವರ ಅಭಿಪ್ರಾಯ. ಅವರ ಕಳಕಳಿಯನ್ನು ನಾವು ಗೌರವಿಸುತ್ತೇವೆ. ಆದರೆ ಅವರ ಬಾಣವು ತಗಲಬೇಕಾದಲ್ಲಿ ತಗಲಿಲ್ಲವೆಂದು ಸ್ಪಷ್ಟವಾಗಿ ಹೇಳದೆ ಗತ್ಯಂತರವಿಲ್ಲ. (ಅಂಥ ಕಾರಿನಲ್ಲಿ ಕಾಲಿಡುವ ಪ್ರಸಂಗವೇ ನಮ್ಮಲ್ಲಿ ಬಹುಜನರಿಗೆ ಬರುವಂತಿಲ್ಲವೆಂಬದು ಬೇರೆ ಮಾತು. ಔರಾದದಿಂದ ನಿಲಂಗಾಕ್ಕೆ ನಮ್ಮನ್ನು ಒಯ್ಯುವದು ಎಸ್.ಟಿ. ಬಸ್ಸೇ.)

ಮೊದಲು "ವಿದೇಶೀ" ಎಂಬ ಶಬ್ದವನ್ನೇ ತೆಗೆದುಕೊಳ್ಳೋಣ. ಲೇಖಕ ಮಹಾಶಯರು ಹಳೆಯ ಅಂಬಾಸಿಡರ ಕಾರನ್ನು ಸ್ವದೇಶಿಯ ಪ್ರತಿಮೆಯೆಂಬಂತೆ ನೆನೆದು ಕಂಬನಿ ಮಿಡಿದಿದ್ದಾರೆ. 1950ರ ದಶಕದ ಕೊನೆಯಿಂದ 2014ರ ವರೆಗೆ ಬಂಗಾಲದ ಉತ್ತರಪಾಡಾದಲ್ಲಿ ತಯಾರಾದ ಆ ಕಾರು ಮೂಲತಃ ಇಂಗ್ಲಂಡದ ಮಾರಿಸ್ ಆಕ್ಸ್‌ಫರ್ಡ್. ಮುಂಬಯಿಯ ಕುರ್ಲಾದ ಪದ್ಮಿನಿಯು ಇಟಲಿಯ ಫಿಯಾಟ್. ಚಿತ್ತೋಡದ ರಾಣಿಯ ಹೆಸರಿಟ್ಟ ಮಾತ್ರಕ್ಕೆ ಅದರ ತವರುಮನೆ ಬದಲಾಗಲಿಲ್ಲ. 1983ರ ಡಿಸೆಂಬರದಲ್ಲಿ ಹೊರಬಂದ ಮಾರುತಿಗೆ ಜಪಾನದ ಸುಝುಕಿಯ ವಿದ್ಯೆಯೇ ಆಧಾರ. ನಮ್ಮ ಹಾದಿಗಳಲ್ಲಿ ಹದಿನೈದು ಇಪ್ಪತ್ತು ಜನರನ್ನು ತುಂಬಿಕೊಂಡು ಬಹುಕಾಲ ಓಡಾಡಿದ ಕಾಳೀ–ಪಿವಳೀ ಜೀಪಿನ ವಂಶವೃಕ್ಷವನ್ನು ಹುಡುಕಹೋದರೆ ಅಮೇರಿಕದ ವಿಲ್ಲಿಸ್ ಜೀಪು ಸಿಕ್ಕುವದು. ಈಗಿನ ಕಾಲದ ಮಾತನ್ನಂತೂ ಕೇಳಲೇಬೇಡಿರಿ. 2019ರಿಂದ ನಮ್ಮಲ್ಲಿ ಮಾರಾಟವಾಗುವ ಎಂ.ಜಿ. ಕಾರಿನ ಹೆಸರು ಇಂಗ್ಲಂಡದ್ದು, ಆ ಹೆಸರಿನ ಒಡೆಯರು ಚೀನದವರು, ಜೋಡಿಸುವ ಕೈಗಳು ಗುಜರಾತದ ಹಾಲೋಲದವು. ಅತ್ತ ಇಂಗ್ಲಂಡದ ಜಾಗ್ವಾರ ಕಾರಿನ ಸಂಸ್ಥೆಯನ್ನು 2008ರಲ್ಲಿ ನಮ್ಮ ಟಾಟಾದವರೇ ಕೊಂಡರು. ಹಾಗಾದರೆ ಜಾಗ್ವಾರ ಸ್ವದೇಶಿಯೋ? ಲೇಖಕ ಮಹಾಶಯರು ಉತ್ತರ ಕೊಡಲಿ.

1998ರಲ್ಲಿ ಟಾಟಾದವರ ಇಂಡಿಕಾ ಬಂದಾಗ, ಒಂದು ಕಾರನ್ನು ಮೊದಲಿನಿಂದ ತಾವೇ ರೂಪಿಸುವ ಧೈರ್ಯವನ್ನು ನಮ್ಮವರು ತೋರಿಸಿದರು. ಅದನ್ನು ನಾವು ಅಭಿಮಾನದಿಂದಲೇ ನೆನೆಯುತ್ತೇವೆ. ಆದರೆ ಅಭಿಮಾನ ಬೇರೆ, ಅಸ್ಪೃಶ್ಯತೆ ಬೇರೆ.

ಈ ದೇಶದಲ್ಲಿ ಕಾರು ತಯಾರಾಗಬೇಕೆಂದು ಮೊದಲು ಹಟ ಹಿಡಿದವರಾದರೂ ಯಾರು? ನಮ್ಮ ವಿಶ್ವೇಶ್ವರಯ್ಯನವರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಅವರು ಯುರೋಪು–ಅಮೇರಿಕಗಳ ಕಾರಖಾನೆಗಳನ್ನು ಸುತ್ತಿ ನೋಡಿ ಬಂದು ಯೋಜನೆಯನ್ನು ಸಿದ್ಧಪಡಿಸಿದರು. ಜತೆಗೆ ನಿಂತವರು ನಮ್ಮ ನೆರೆಯ ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು. ಮೈಸೂರು ಸಂಸ್ಥಾನವು ನೆರವಾಗಲು ಮುಂದೆ ಬಂದರೂ ಆಂಗ್ಲ ಸರಕಾರದ ಅಡ್ಡಿಯಿಂದ ಆ ಯೋಜನೆ ಅಂದು ಕೈಗೂಡಲಿಲ್ಲ. ವಾಲಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರಖಾನೆಗೆ ಕೈ ಹಾಕಿದರು. 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ ಸಂಸ್ಥೆಯನ್ನು ಸ್ಥಾಪಿಸಿದರು. ಇವರು ಕ್ರೈಸ್ಲರ ಎಂಬ ಅಮೇರಿಕದ ಸಂಸ್ಥೆಯ ಸಹಾಯವನ್ನು ನಾಚಿಕೆಯಿಲ್ಲದೆ ಬಯಸಿದರು. ವಿದ್ಯೆ ಎಲ್ಲಿಂದಲಾದರೂ ಬರಲಿ, ಅದು ನಮ್ಮವರ ಕೈಯಲ್ಲಿ ನಿಲ್ಲಬೇಕೆಂಬದೇ ಅವರ ಹಂಬಲವಾಗಿತ್ತು.

ಇನ್ನೊಂದು ಹಳೆಯ ಸಂಗತಿ. 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿ ಇಟ್ಟವರು. ಮುಂದೆ ಅವರು ಕಬ್ಬಿಣದ ನೇಗಿಲನ್ನು ಮಾಡಿದಾಗ, ಕಬ್ಬಿಣ ತಗಲಿದರೆ ಹೊಲಕ್ಕೆ ವಿಷವೇರುವದೆಂದು ನಮ್ಮ ರೈತರು ಹೆದರಿದರು. ಮೊದಲ ನೇಗಿಲುಗಳು ಮಾರುವದರೊಳಗೆ ಎರಡು ವರ್ಷ ಕಳೆದವಂತೆ. ಆ ಮನೆತನದವರೇ 1997ರಲ್ಲಿ ಜಪಾನದ ಟೊಯೋಟಾದವರೊಡನೆ ಕೂಡಿ ಬಿಡದಿಯಲ್ಲಿ ಕಾರಿನ ಕಾರಖಾನೆ ಹೂಡಿದರು. ಅದೇ ಸಂಸ್ಥೆಯು 2024ರ ಜುಲೈಯಲ್ಲಿ, ಮರಾಠವಾಡದಲ್ಲಿ ಸುಮಾರು 20,000 ಕೋಟಿ ರೂಪಾಯಿಗಳ ಕಾರಖಾನೆ ಕಟ್ಟಲು ಮಹಾರಾಷ್ಟ್ರ ಸರಕಾರದೊಡನೆ ಒಪ್ಪಂದಕ್ಕೆ ಸಹಿ ಹಾಕಿತು. ಬರುವ ಕಾರನ್ನು ಲೇಖಕರು ಜಪಾನದ್ದೆನ್ನುವರೋ, ಬೆಳಗಾವಿಯದೆನ್ನುವರೋ, ಮರಾಠವಾಡದ್ದೆನ್ನುವರೋ?

ಬಹಿಷ್ಕಾರದ ಮಾತಾಡುವವರು ಡೆಟ್ರಾಯ್ಟ್ ನಗರದ ಕಥೆಯನ್ನೊಮ್ಮೆ ಓದಬೇಕು. ಅಮೇರಿಕದ ಕಾರುಗಳ ತೊಟ್ಟಿಲು ಅದು. 1980ರ ಸುಮಾರಿಗೆ ಜಪಾನದ ಸಣ್ಣ ಕಾರುಗಳು ಅಲ್ಲಿಯ ಪೇಟೆಯನ್ನು ಹೊಕ್ಕಾಗ ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. ಕೆಲವೆಡೆ ಕಾರ್ಮಿಕ ಸಂಘದ ಅಂಗಳದಲ್ಲಿ ವಿದೇಶೀ ಕಾರು ನಿಲ್ಲಿಸಬಾರದೆಂಬ ಫಲಕಗಳು ಎದ್ದವು. ಜನರು ಜಪಾನದ ಕಾರುಗಳನ್ನು ಬಡಗಿಗಳಿಂದ ಬಡಿದು ಪುಡಿಮಾಡಿ ಸಂತೋಷಪಟ್ಟರು. ಅವರ ಹೊಟ್ಟೆಯ ಉರಿ ನಮಗೆ ತಿಳಿಯದ್ದಲ್ಲ. ಆದರೆ 1982ರ ಜೂನದಲ್ಲಿ ಅದೇ ಊರಿನ ಬಳಿ ವಿನ್ಸೆಂಟ್ ಚಿನ್ ಎಂಬ 27 ವರ್ಷದ ತರುಣನನ್ನು ಕಾರು ಉದ್ಯೋಗದ ಇಬ್ಬರು ಹೊಡೆದು ಕೊಂದರು. ಅವನು ಜಪಾನದವನೂ ಅಲ್ಲ. ಚೀನೀ ಮೂಲದ ಅಮೇರಿಕ ಪ್ರಜೆ. ಅವನ ಮದುವೆಗೆ ಕೆಲವೇ ದಿನಗಳು ಉಳಿದಿದ್ದವು. ಕೊಂದವರಿಗೆ ಮೊದಲು ವಿಧಿಸಿದ ಶಿಕ್ಷೆ 3,000 ಡಾಲರ ದಂಡ ಮತ್ತು ಸನ್ನಡತೆಯ ಷರತ್ತು, ಸೆರೆಮನೆಯಿಲ್ಲ. ಅದೇ ವರ್ಷದ ನವೆಂಬರದಲ್ಲಿ ನೆರೆಯ ಒಹಾಯೋ ಪ್ರಾಂತದಲ್ಲಿ ಅಮೇರಿಕದ ಕಾರ್ಮಿಕರೇ ಜಪಾನದ ಹೋಂಡಾ ಕಾರುಗಳನ್ನು ಜೋಡಿಸತೊಡಗಿದರು! ಬಡಗಿ ಎತ್ತಿದವರು ಶತ್ರುವನ್ನು ಗುರುತಿಸಿದ್ದು ಕಾರಿನ ಬಿಲ್ಲೆ ನೋಡಿ, ಮನುಷ್ಯನ ಕಣ್ಣಿನ ಆಕಾರ ನೋಡಿ.

ನಮ್ಮ ಸೀಮೆಯಲ್ಲಿ ಇದರ ವಿಪರೀತವಾಗಿದೆ. ನಾವೂ ಕಾರು ಮಾಡುವ ಸೀಮೆಯವರೇ. ಆಗಿನ ಔರಂಗಾಬಾದ, ಈಗಿನ ಛತ್ರಪತಿ ಸಂಭಾಜಿನಗರದ ಶೇಂದ್ರಾದಲ್ಲಿ 2001ರಿಂದ ಸ್ಕೋಡಾದವರಿದ್ದಾರೆ. ಪುಣೆಯ ಬಳಿಯ ಚಾಕಣದಲ್ಲಿ 2009ರಿಂದ ಜರ್ಮನಿಯ ಮರ್ಸಿಡಿಸ್ ಬೆಂಝ್ ಮತ್ತು ಫೋಕ್ಸ್‌ವ್ಯಾಗನ್ ಕಾರುಗಳು ತಯಾರಾಗುತ್ತಿವೆ. ಉಮರಗಾ, ನಿಲಂಗಾ, ಉದಗೀರಗಳ ಹುಡುಗರು ಐ.ಟಿ.ಐ. ಮುಗಿಸಿ ಅತ್ತಲೇ ಹೋಗುತ್ತಾರೆ. ಇಲ್ಲಿ ವಿದೇಶೀ ಕಾರನ್ನು ಬಡಿಯುವವರಿಲ್ಲ. ಕುಂಕುಮ ಹಚ್ಚಿ, ಲಿಂಬೆಹಣ್ಣು ಕಟ್ಟಿ ಪೂಜಿಸುವವರಿದ್ದಾರೆ. 2010ರ ಅಕ್ಟೋಬರದಲ್ಲಿ ಔರಂಗಾಬಾದದ ಸಿರಿವಂತರು ಗುಂಪುಗೂಡಿ ಒಂದೇ ದಿನ 150 ಬೆಂಝ್ ಕಾರುಗಳನ್ನು ಸುಮಾರು 65 ಕೋಟಿ ರೂಪಾಯಿಗಳಿಗೆ ಕೊಂಡರು. ಒಂದೊಂದಕ್ಕೆ ಸರಾಸರಿ 43 ಲಕ್ಷವಾಯಿತು. ಮರಾಠವಾಡ ಹಿಂದುಳಿದಿಲ್ಲವೆಂದು ಜಗತ್ತಿಗೆ ತೋರಿಸಿದೆವೆಂದು ಆಗ ಹೆಮ್ಮೆಪಟ್ಟವರುಂಟು. ಪತ್ರಕರ್ತ ಪಿ. ಸಾಯಿನಾಥರು ಆ ಡಿಸೆಂಬರದಲ್ಲಿ ಬರೆದುದನ್ನು ಓದಿದವರಿಗೆ ಹೆಮ್ಮೆ ಉಳಿಯಲಿಕ್ಕಿಲ್ಲ. ಆ ಕಾರುಗಳಿಗೆ ಸರಕಾರೀ ಒಡೆತನದ ಬ್ಯಾಂಕು ಕೊಟ್ಟ ಸಾಲದ ಬಡ್ಡಿ ಶೇಕಡಾ 7. ಅದೇ ಜಿಲ್ಲೆಯ ರೈತ ಕುಟುಂಬವೊಂದು ಟ್ರ್ಯಾಕ್ಟರಿಗಾಗಿ ತೆತ್ತ ಬಡ್ಡಿ ಅದರ ಇಮ್ಮಡಿಗೂ ಮಿಕ್ಕಿದ್ದು. ಆ ಕುಟುಂಬದ ತಾಲೂಕಿನ ಹೆಸರು ಕನ್ನಡ! ಹೆಸರಿನ ಈ ಕಾಕತಾಳೀಯ ನಮ್ಮನ್ನು ಇಂದಿಗೂ ಚುಚ್ಚುತ್ತದೆ. ಅದೇ ಮರಾಠವಾಡದ ನಮ್ಮ ಲಾತೂರಿಗೆ 2016ರ ಏಪ್ರಿಲದಲ್ಲಿ ಮೀರಜದಿಂದ ರೇಲ್ವೆಯ ಟಾಕಿಗಳಲ್ಲಿ ಕುಡಿಯುವ ನೀರು ಬಂತು. ಕೊಡ ಹಿಡಿದು ನಿಂತವರಲ್ಲಿ ನಾವೂ ನಮ್ಮ ಬಂಧುಗಳೂ ಇದ್ದೆವು. ಕಾರಿನಲ್ಲಿ ಮುಂದಾದ ಸೀಮೆಗೆ ನೀರು ಮಾತ್ರ ಹಳಿಗಳ ಮೇಲೆ ಬರಬೇಕಾಯಿತು.

ಸಿರಿವಂತರ ಮಾತು ಬಿಡಿರಿ. ಅವರು ನಮ್ಮ ಪತ್ರಿಕೆಯನ್ನು ಓದುವವರಲ್ಲ. ನಮ್ಮ ಜಗಳವಿರುವದು ನಮ್ಮವರೊಡನೆಯೇ. ಕಳೆದ ಲಗ್ನಸರಾಯಿಯಲ್ಲಿ ನಮ್ಮ ನೆರೆಯ ರೈತರೊಬ್ಬರು ಮಾಂಜರಾ ದಂಡೆಯ ಎರಡೆಕರೆ ಎರೆಹೊಲವನ್ನು ಮಾರಿದರು. ವರನ ಕಡೆಯವರು "ಹುಂಡಾ ಬೇಡ, ಮಗಳಿಗೊಂದು ಗಾಡಿ ಕೊಡಿರಿ ಸಾಕು" ಎಂದು ದೊಡ್ಡ ಮನಸ್ಸಿನವರಂತೆ ನುಡಿದಿದ್ದರು. ರೈತರು ಟಾಟಾದ ಸಣ್ಣ ಕಾರೊಂದನ್ನು ನಿಶ್ಚಯಿಸಿದ್ದರು. ಬೀಗರು ಒಪ್ಪಲಿಲ್ಲ, ಜರ್ಮನಿಯ ಹೆಸರಿನದೇ ಆಗಬೇಕೆಂದರು. ನಾವು ಅವರಿಗೆ ಬುದ್ಧಿ ಹೇಳಹೋದಾಗ ಆ ತಂದೆ ಅಂದದ್ದು ಇಷ್ಟು: "ಮಾಸ್ತರೇ, ದೇಸಿ ಗಾಡಿ ಕೊಟ್ರ ಬೀಗರ ಮುಂದ ಮಾರಿ ಎತ್ತಾಕ ಬರ್ತದೇನ್ರಿ?" ಹುಂಡಾ ನಿಷೇಧದ ಕಾಯದೆ 1961ರಲ್ಲಿಯೇ ಬಂದಿದೆ. ಹಂದರದಲ್ಲಿ ಕುಳಿತ ಸುಶಿಕ್ಷಿತರು ಆ ಕಾಯದೆಯ ಮಾತೆತ್ತಲಿಲ್ಲ. ಯಾವ ಕಂಪನಿಯ ಗಾಡಿ ಎಷ್ಟು ಮೈಲೇಜು ಕೊಡುವದೆಂದು ಚರ್ಚಿಸಿದರು. ಆ ಸುಶಿಕ್ಷಿತರಲ್ಲಿ ನಾವೂ ಒಬ್ಬರು. ಹೂಮಾಲೆ ಹಾಕಿದ ಕಾರಿನ ಮುಂದೆ ಕೀಲಿಕೈ ಕೊಡುವ ಫೋಟೋದಲ್ಲಿ ನಮ್ಮ ಮುಖವೂ ಇದೆ, ನಗುಮುಖ. ಆ ಫೋಟೋ ಈಗಲೂ ಅವರ ಮನೆಯ ಗೋಡೆಯ ಮೇಲಿದೆ, ಹೊಲ ಇಲ್ಲ.

ಆ ಹಂದರದಲ್ಲಿ ಬಡಿಸುತ್ತಿದ್ದ ತರುಣನೊಬ್ಬ ನಮ್ಮ ಹಳೆಯ ವಿದ್ಯಾರ್ಥಿ. ಅಂಥದೇ ಕಾರುಗಳ ಆಸನಗಳಿಗೆ ಬೋಲ್ಟು ಬಿಗಿಯುವದು ಚಾಕಣದ ಕಡೆ ಅವನ ಕೆಲಸವಾಗಿತ್ತು. ದಿನಕ್ಕೆ ನೂರಾರು ಆಸನಗಳನ್ನು ಮುಟ್ಟಿದವನು ಓಡುವ ಅಂಥ ಕಾರಿನಲ್ಲಿ ಒಂದು ದಿನವೂ ಕುಳಿತವನಲ್ಲ. ಶಿಕಾಊ ಎಂದು ಸೇರಿಸಿಕೊಂಡವರು ಅವಧಿ ಮುಗಿಯುತ್ತಲೇ ಕೈಗೊಂದು ಪ್ರಮಾಣಪತ್ರ ಕೊಟ್ಟು ಕಳಿಸಿದ್ದರು. ಅವನ ಮುಂದೆಯೇ ಬೀಗರು ಕಾರಿನ ಬಾಗಿಲನ್ನು ಬಡಿದು, "ಕೇಳಿರಿ, ಎಷ್ಟು ಗಟ್ಟಿ ಸಪ್ಪಳ! ಜರ್ಮನೀ ಮಾಲು" ಎಂದರು. ಹುಡುಗ ಬುಂದಿಯ ಬುಟ್ಟಿ ಹಿಡಿದು ಮುಂದಿನ ಪಂಕ್ತಿಗೆ ಹೋದನು. ಈ ಬಾಗಿಲನ್ನು ನಮ್ಮ ಉದಗೀರದ ಕಡೆಯ ಹುಡುಗರೂ ಕೂರಿಸಿರಬಹುದೆಂದು ಅಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮಾಡಿದ ಕೈ ನಮ್ಮದಾದರೂ ಮಾನ ಮಾತ್ರ ಹೆಸರಿಗೆ!

ಇದೇ ದೃಷ್ಟಿ ನಮ್ಮ ಶಾಲೆಯ ಬಾಗಿಲಿಗೂ ಬಂದಿದೆ. ಜೂನದಲ್ಲಿ ಪಾಲಕರೊಬ್ಬರು ಮಗಳ ಟಿ.ಸಿ. ಕೇಳಲು ಬಂದರು. ಹುಡುಗಿ ಜಾಣೆ, ಕನ್ನಡದಲ್ಲಿ ಓದಿ ಮರಾಠಿಯಲ್ಲಿಯೂ ತಡವರಿಸದೆ ಮಾತಾಡುವಳು. ಕಾರಣ ಕೇಳಿದರೆ, "ಎಲ್ಲರೂ ಫಾರಿನ್ ಗಾಡಿ ಹತ್ತಿದಾಗ ನಾವು ದೇಸಿ ಗಾಡೀಲಿ ಕುಂತ್ರ ಹ್ಯಾಂಗ್ರಿ?" ಎಂದರು. ಹೊಸ ಇಂಗ್ಲಿಷ್ ಶಾಲೆಯಲ್ಲಿ ಯಾರು ಕಲಿಸುವರು, ಅವರು ಏನು ಓದಿದವರು ಎಂಬದನ್ನು ಅವರು ವಿಚಾರಿಸಿರಲಿಲ್ಲ. ಫಲಕ ನೋಡಿದ್ದರು, ಸಾಕಾಗಿತ್ತು. ನಾವು ಟಿ.ಸಿ. ಬರೆದುಕೊಟ್ಟೆವು.

ಈಗ ಲೇಖಕ ಮಹಾಶಯರು ಕೇಳಬಹುದು: "ಹಾಗಾದರೆ ವಿದೇಶೀ ಕಾರನ್ನು ನಿಂದಿಸುವದರಲ್ಲಿ ನಾನು ತಪ್ಪಿದ್ದೆಲ್ಲಿ? ನೀವು ಹೇಳುವದೂ ಅದನ್ನೇ ಅಲ್ಲವೆ?" ಅಲ್ಲ. ಅವರ ಲೇಖನವನ್ನು ಓದಿದ ಬೀಗರು ನಾಳೆ "ಜರ್ಮನಿಯದು ಬೇಡ, ಅಪ್ಪಟ ಸ್ವದೇಶಿಯದನ್ನೇ ಕೊಡಿರಿ, ದೊಡ್ಡದಿರಲಿ" ಎನ್ನುವರು. ಸ್ವದೇಶೀ ಸಂಸ್ಥೆಗಳೂ ಇಪ್ಪತ್ತು ಲಕ್ಷದ ಗಾಡಿಗಳನ್ನು ಮಾಡುತ್ತಿವೆ. ಆಗ ಎರಡೆಕರೆ ಉಳಿಯುವವೇ? ಚಾಕಣದಿಂದ ಮರಳಿದ ಹುಡುಗನಿಗೆ ಕೆಲಸ ಖಾಯಂ ಆಗುವದೇ? ವಿದೇಶೀ ಸಂಸ್ಥೆಯೊಂದು ನಮ್ಮ ಹುಡುಗರನ್ನು ಖಾಯಂ ಮಾಡಿ, ವಿದ್ಯೆ ಕಲಿಸಿ, ಮರ್ಯಾದೆಯ ಪಗಾರ ಕೊಟ್ಟರೆ ಅದರ ಕಾರಿಗೆ ನಾವು ಸಂತೋಷದಿಂದ ಕುಂಕುಮ ಹಚ್ಚುವೆವು. ಸ್ವದೇಶೀ ಸಂಸ್ಥೆಯು ಅವರನ್ನು ಬಳಸಿ ಬಿಸುಟರೆ ಅದನ್ನು ಜರೆಯಲೂ ಹಿಂಜರಿಯೆವು. ಕಾರು ಕೊಳ್ಳುವ ಶಕ್ತಿಯಿದ್ದವರು ತಮ್ಮ ದುಡಿಮೆಯಿಂದ, ತಮಗೆ ಬೇಕಾದುದನ್ನು ಕೊಳ್ಳಲಿ. ಕೆಟ್ಟರೆ ಉಮರಗಾದ ಹೆದ್ದಾರಿಯ ಮಿಸ್ತ್ರಿ ಅದನ್ನು ಬಿಚ್ಚಿ ಕೂಡಿಸಬಲ್ಲನೋ ಇಲ್ಲವೋ ಎಂಬದನ್ನು ಮಾತ್ರ ಮೊದಲು ಕೇಳಿಕೊಳ್ಳಲಿ. ಹೆಣ್ಣು ಹೆತ್ತವರ ಹೊಲದಿಂದ ಕೊಂಡ ಕಾರು ಯಾವ ದೇಶದ್ದಾದರೂ ನಮಗೆ ಬೇಡ.

ವೃತ್ತಿಬಾಂಧವರಲ್ಲಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ಹಳ್ಳಿಗಳಲ್ಲಿ ಇಂದಿಗೂ ಮಾಸ್ತರರನ್ನು ಕರೆಯದೆ ಮದುವೆಯ ಮಾತುಕತೆಗೆ ಕುಳಿತುಕೊಳ್ಳುವವರು ಕಡಿಮೆ. ಯಾದಿಯ ಕಾಗದ ಬರೆಯುವ ಕೈ ಎಷ್ಟೋ ಸಲ ನಮ್ಮದೇ. ಆ ಕಾಗದದಲ್ಲಿ "ಗಾಡಿ" ಎಂಬ ಶಬ್ದ ಬಂದ ಕೂಡಲೇ ಪೆನ್ನನ್ನು ಕೆಳಗಿಡೋಣ. ನಾವು ಈ ವರ್ಷದಿಂದ ಇಟ್ಟಿದ್ದೇವೆ. ಬರುವ ಮಾಘದಲ್ಲಿ ಯಾರ ಮನೆಯ ಮದುವೆಗೆ ಕರೆದರೂ ಹೋಗಿ ಅಕ್ಷತೆ ಹಾಕಿ, ಉಂಡು ಬರುವೆವು. ಹಂದರದ ಹೊರಗೆ ಕಾರಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವದಿಲ್ಲ. ಇದನ್ನು ಓದಿದ ಮೇಲೂ ಕರೆಯುವದು ಬಿಡುವದು ಅವರವರ ಇಷ್ಟ.