ಸಂಜೆಯ ಆಟ ಯಾರ ಪಾಲು?

ಕಲಾತ್ಮಕ ಚಿತ್ರಗಳಿಗೆ ಪ್ರೇಕ್ಷಕರಿಲ್ಲ ಎಂಬ ಹಳೆಯ ದೂರು ಈ ವಾರವೂ ಕನ್ನಡ ಚಿತ್ರೋದ್ಯಮದಲ್ಲಿ ಕೇಳಿಬಂದಿದೆ. ದೂರುವವರು ಪ್ರತಿಸಲವೂ ಜನರ ಅಭಿರುಚಿಯನ್ನು ಹಳಿಯುತ್ತಾರೆಯೇ ಹೊರತು, ಅಂಥ ಚಿತ್ರ ಯಾವ ಊರಿನಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ದಿನ ತೆರೆಯ ಮೇಲಿತ್ತು ಎಂಬುದನ್ನು ವಿಚಾರಿಸುವುದೇ ಇಲ್ಲ.

ಹೆಗ್ಗೋಡಿನ ಚರಿತ್ರೆ ಇವರಿಗೆ ಮರೆತುಹೋದಂತಿದೆ. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರ ರಂಗಸಂಸ್ಥೆ ನೀನಾಸಮ್ 1973ರಲ್ಲಿ ಚಿತ್ರಸಮಾಜವನ್ನು, ಅಂದರೆ ಒಳ್ಳೆಯ ಚಿತ್ರಗಳನ್ನು ಒಟ್ಟಾಗಿ ನೋಡಿ ಚರ್ಚಿಸುವ ಸಂಘವನ್ನು, ಕಟ್ಟಿತು. ಮುಂದೆ ಅಲ್ಲಿನ ರೈತರೂ ಕೂಲಿಕಾರರೂ ಸತ್ಯಜಿತ್ ರಾಯ್ ಮತ್ತು ಕುರೊಸಾವಾ ಅವರ ಚಿತ್ರಗಳನ್ನು ಕುಳಿತು ನೋಡಿದರು. ಬಂಗಾಳಿಯಾಗಲಿ ಜಪಾನಿಯಾಗಲಿ ತಿಳಿಯದ ಆ ಜನರಿಗೆ ಕನ್ನಡದಲ್ಲಿ ವಿವರಣೆ ಕೊಡುವ ಶ್ರಮವನ್ನು ಸಂಸ್ಥೆಯೇ ವಹಿಸಿಕೊಂಡಿತ್ತು. ಕಠಿಣವೆನಿಸುವ ಕಲೆಗೆ ಪ್ರೇಕ್ಷಕರು ತಾವಾಗಿ ಒದಗುವುದಿಲ್ಲ, ಅವರನ್ನು ಕರೆದು ಕೂರಿಸಿ ಗೌರವದಿಂದ ಮಾತನಾಡಿಸಬೇಕು ಎಂಬುದನ್ನು ಸುಬ್ಬಣ್ಣ ಬಲ್ಲವರಾಗಿದ್ದರು.

ಇದು ಸಂಘಸಂಸ್ಥೆಗಳಿಗಷ್ಟೇ ಸಾಧ್ಯ, ಟಿಕೆಟ್ ಕೊಂಡು ಯಾರೂ ಬರುವುದಿಲ್ಲ ಎನ್ನುವವರಿಗೆ ರಾಮ್ ರೆಡ್ಡಿಯವರ ‘ತಿಥಿ’ ಉತ್ತರವಾಗಿದೆ. ತಾರೆಯರಿಲ್ಲದೆ, ಹಾಡಿಲ್ಲದೆ, ಮಂಡ್ಯ ಜಿಲ್ಲೆಯ ಹಳ್ಳಿಗರನ್ನೇ ಪಾತ್ರಧಾರಿಗಳನ್ನಾಗಿಸಿಕೊಂಡ ಆ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗಳಿಸಿತು. ಮರುವರ್ಷ ಚಿತ್ರಮಂದಿರಗಳಿಗೆ ಬಂದಾಗ ಕನ್ನಡಿಗರು ಅದನ್ನು ಮನಸಾರೆ ನಕ್ಕು ನೋಡಿದ್ದಲ್ಲದೆ, ಅದರ ಪಾತ್ರವಾದ ಗಡ್ಡಪ್ಪನನ್ನು ಮನೆಮಾತಾಗಿಸಿದರು.

ಹೀಗಿರುವಾಗ ಸರ್ಕಾರದ ಸಹಾಯಧನದ ನೀತಿಯನ್ನು ಎಷ್ಟು ಸಲ ಟೀಕಿಸಿದರೂ ಸಾಲದು. ಚಿತ್ರ ನಿರ್ಮಿಸಿದವರಿಗೆ ಸಾರ್ವಜನಿಕ ಹಣದಿಂದ ಕೊಡುವ ಈ ನೆರವು ನಿರ್ಮಾಣದ ಹಂತಕ್ಕೇ ಮುಗಿದುಹೋಗುವುದರಿಂದ, ಹಣ ಕೊಟ್ಟ ಜನರ ಕಣ್ಣಿಗೆ ಬೀಳದೆಯೇ ಎಷ್ಟೋ ಚಿತ್ರಗಳು ಪ್ರಶಸ್ತಿಪತ್ರದೊಂದಿಗೆ ಕಪಾಟು ಸೇರುತ್ತವೆ. ಜಿಲ್ಲಾ ಕೇಂದ್ರಗಳ ರಂಗಮಂದಿರಗಳಲ್ಲಿ ವಾರಕ್ಕೊಂದು ಪ್ರದರ್ಶನ ಏರ್ಪಡಿಸುವುದು ಸರ್ಕಾರಕ್ಕೆ ಭಾರವಾಗುವ ಕೆಲಸವಲ್ಲ. ಇನ್ನು ಮಲ್ಟಿಪ್ಲೆಕ್ಸ್‌ಗಳು ಇಂಥ ಚಿತ್ರಕ್ಕೆ ಕೊಡುವುದು ಹೆಚ್ಚಾಗಿ ದುಡಿಯುವವರಾರೂ ಬರಲಾಗದ ಬೆಳಗಿನ ಆಟವನ್ನು. ಬಾಯಿಮಾತಿನ ಪ್ರಚಾರದಿಂದಲೇ ಬೆಳೆಯಬೇಕಾದ ಚಿತ್ರವನ್ನು, ಆ ಮಾತು ಹಬ್ಬುವ ಮೊದಲೇ, ಸೋಮವಾರದ ಹೊತ್ತಿಗೆ ಕಿತ್ತುಹಾಕಲಾಗುತ್ತದೆ. ಪ್ರೇಕ್ಷಕರಿಲ್ಲ ಎಂದು ಘೋಷಿಸುವ ಪ್ರದರ್ಶಕರು ಒಂದೇ ಒಂದು ಕನ್ನಡ ಕಲಾತ್ಮಕ ಚಿತ್ರಕ್ಕೆ ಎರಡು ವಾರ ಸಂಜೆಯ ಆಟ ಕೊಟ್ಟು, ಆಮೇಲೆ ಜನರ ಅಭಿರುಚಿಯ ಬಗ್ಗೆ ಬಾಯಿ ತೆರೆಯಲಿ.